ಕಾಡಿನ ಗೇಟು ತಡೆಯದ ಹುಳ: ವಾನಾಕ್ರೈ ಕಥೆ

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ನಿಮ್ಮಲ್ಲಿ ಬಹಳ ಜನ ಹೋಗಿರ್ತೀರಿ, ಮಂಜಲ್ಲಿ ನಿಂತು ರೀಲ್ಸ್ ಮಾಡಿರ್ತೀರಿ. ಸುತ್ತ ಕಾಣೋದು ಬಂಡೀಪುರದ ಕಾಡು. ಗುಂಡ್ಲುಪೇಟೆಯಿಂದ ಆ ಕಾಡಿನ ನಡುವೆ ಸುಲ್ತಾನ್ ಬತ್ತೇರಿಗೆ ಹೋಗುವ ರಸ್ತೆಯ ಗೇಟು ರಾತ್ರಿ 9ಕ್ಕೆ ಹಾಕಿದರೆ ತೆಗೆಯೋದು ಬೆಳಿಗ್ಗೆ 6ಕ್ಕೆ. ಕೆಲವೇ ಬಸ್ಸು, ಆಂಬುಲೆನ್ಸ್ ಬಿಟ್ಟರೆ ಯಾರಿಗೂ ದಾರಿ ಇಲ್ಲ.

ಕಾಡಿನ ಆಚೆ ವಯನಾಡು. 2017ರ ಮೇ 15, ಸೋಮವಾರ. ಅಲ್ಲಿನ ತರಿಯೋಡ್ ಪಂಚಾಯಿತಿ ಕಚೇರಿಯ ಕಂಪ್ಯೂಟರ್‌ಗಳಲ್ಲಿ ಒಂದು ಬೆದರಿಕೆ ಕಾಣಿಸ್ತು: ನಿಮ್ಮ ಫೈಲ್‌ಗಳಿಗೆ ಬೀಗ ಬಿದ್ದಿದೆ, 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕಟ್ಟಿ. ಅದೇ ವಾನಾಕ್ರೈ. ಅದಕ್ಕೆ ಮೂರು ದಿನ ಮೊದಲು ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದ್ದೂ ಇದರಿಂದಲೇ. ಆಂಧ್ರದ ಪೊಲೀಸ್ ಕಂಪ್ಯೂಟರ್‌ಗಳಿಗೂ ತಗುಲಿತ್ತು.

ಇದು ಹೇಗೆ ಹರಡ್ತು? ಆಫೀಸಲ್ಲಿ ಒಂದು ಕಂಪ್ಯೂಟರಿನ ಫೋಲ್ಡರನ್ನ ಇನ್ನೊಂದರಲ್ಲಿ ತೆರೀತೀವಲ್ಲ, ವಿಂಡೋಸ್‌ನಲ್ಲಿ ಆ ಕೆಲಸ ಮಾಡೋದು ಎಸ್‌ಎಂಬಿ. ಇದು 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು. ಇದರ ಮೊದಲ ಆವೃತ್ತಿಯಲ್ಲಿ, ಓಎಸ್/2 ಎಂಬ ಹಳೇ ವ್ಯವಸ್ಥೆಯ ಫೈಲ್ ವಿವರಗಳನ್ನು ವಿಂಡೋಸ್ ರೂಪಕ್ಕೆ ಬದಲಿಸುವ ಕಡೆ, ಅಳತೆಯ ಲೆಕ್ಕ ತಪ್ಪಿತ್ತು. ಪಾವು ಹಿಡಿಯೋ ಪಾತ್ರೆಗೆ ಸೇರು ರಾಗಿ ಸುರಿದ ಹಾಗೆ: ಹೆಚ್ಚಾಗಿದ್ದು ಪಕ್ಕದ ಮೆಮೊರಿಗೆ ಚೆಲ್ಲುತ್ತೆ. ಏನು ಚೆಲ್ಲಬೇಕು ಅಂತ ದಾಳಿಕೋರನೇ ಆರಿಸಿದರೆ, ದೂರದಲ್ಲಿ ಕೂತೇ ನಿಮ್ಮ ಕಂಪ್ಯೂಟರಿಗೆ ಅಪ್ಪಣೆ ಕೊಡಬಹುದು. ಪಾಸ್‌ವರ್ಡ್ ಬೇಡ, ನೀವು ಯಾವ ಲಿಂಕೂ ಒತ್ತಬೇಕಿಲ್ಲ. 445ನೇ ಪೋರ್ಟ್ ತೆರೆದಿದ್ದರೆ ಸಾಕು. ಒಂದು ಯಂತ್ರಕ್ಕೆ ಹೊಕ್ಕ ಹುಳ ತಾನೇ ಮುಂದಿನದನ್ನು ಹುಡುಕುತ್ತೆ.

ಈ ದೋಷ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎಗೆ ಮೊದಲೇ ಗೊತ್ತಿತ್ತು. ಮೈಕ್ರೋಸಾಫ್ಟ್‌ಗೆ ಹೇಳದೆ, ಎಟರ್ನಲ್‌ಬ್ಲೂ ಅನ್ನೋ ಅಸ್ತ್ರ ಮಾಡಿ ಇಟ್ಟುಕೊಂಡಿತ್ತು. ನನ್ನ ಪ್ರಕಾರ ದೊಡ್ಡ ಪಾಲು ಅವರದ್ದೇ. ಮಾರ್ಚ್ 14ಕ್ಕೆ ಮೈಕ್ರೋಸಾಫ್ಟ್ ಪ್ಯಾಚ್ ಬಿಟ್ಟಿತು. ಏಪ್ರಿಲ್ 14ಕ್ಕೆ ಶ್ಯಾಡೋ ಬ್ರೋಕರ್ಸ್ ಎಂಬ ಗುಂಪು ಆ ಅಸ್ತ್ರವನ್ನು ಬಯಲಿಗಿಟ್ಟಿತು. ಮೇ 12ಕ್ಕೆ ವಾನಾಕ್ರೈ ಬಂತು. ಅಂದರೆ ಔಷಧಿ ಬಂದು 59 ದಿನ ಆಗಿತ್ತು! ಎಲ್ಲರೂ ಹಳೇ ವಿಂಡೋಸ್ ಎಕ್ಸ್‌ಪಿಯನ್ನ ಬೈದರು, ಆದರೆ ತಗುಲಿದ್ದರಲ್ಲಿ ಹೆಚ್ಚಿನವು ವಿಂಡೋಸ್ 7. ಅವಕ್ಕೆ ಪ್ಯಾಚ್ ಸಿಕ್ಕಿತ್ತು, ಹಾಕೋರು ಇರಲಿಲ್ಲ. ಸಣ್ಣ ಕಚೇರಿಗಳಲ್ಲಿ ಅಪ್‌ಡೇಟ್ ಮಾಡೋದು ಯಾರ ಕೆಲಸ ಹೇಳಿ? ಬಿಲ್ ಬರೆಯೋರದ್ದಾ, ಕರೆಂಟ್ ಹೋದಾಗ ಯುಪಿಎಸ್ ನೋಡೋರದ್ದಾ?

ಹುಳವನ್ನು ತಡೆದದ್ದು ಮಾರ್ಕಸ್ ಹಚಿನ್ಸ್, 22 ವರ್ಷದ ಬ್ರಿಟಿಷ್ ಹುಡುಗ. ಅದರ ಕೋಡ್‌ನಲ್ಲಿದ್ದ ವಿಚಿತ್ರ ವೆಬ್ ವಿಳಾಸವನ್ನು ಹತ್ತು ಚಿಲ್ಲರೆ ಡಾಲರ್ ಕೊಟ್ಟು ತನ್ನ ಹೆಸರಿಗೆ ಮಾಡಿಕೊಂಡ. ಆ ವಿಳಾಸದಿಂದ ಉತ್ತರ ಬಂದರೆ ಹುಳ ಸುಮ್ಮನಾಗ್ತಿತ್ತು. ಆದರೆ ಆಗಲೇ ಬೀಗ ಬಿದ್ದಿದ್ದ ಫೈಲ್‌ಗಳಿಗೆ ಅದರಿಂದ ಉಪಯೋಗ ಆಗಲಿಲ್ಲ.

ಜೂನ್ 27ಕ್ಕೆ ನಾಟ್‌ಪೆಟ್ಯಾ ಬಂತು. ಬೇರೆ ದಾರಿಗಳ ಜೊತೆ ಇದೇ ತೂತನ್ನೂ ಬಳಸಿಕೊಂಡ ಅದು, ಮುಂಬೈ ಹತ್ತಿರದ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್‌ನ ಕೆಲಸವನ್ನೇ ನಿಲ್ಲಿಸಿತು. ಪ್ಯಾಚ್ ಬಂದು ಆಗ ಮೂರು ತಿಂಗಳು ದಾಟಿತ್ತು.