ಪ್ರಯಾಗದ ಮಳಲಿನ ಬೀಡು

ಹಿಂದೊಮ್ಮೆ ಇಮ್ಮಡಿ ಪುಲಕೇಶಿಗೆ ಇದಿರಾಗಿ ಹಿಮ್ಮೆಟ್ಟಿದ್ದ ಹರ್ಷವರ್ಧನನು ಕ್ರಿ. ಶ. 643ರಲ್ಲಿ ಪ್ರಯಾಗದಲ್ಲಿ ಬೀಡುಬಿಟ್ಟನು. ಗಂಗೆಯ ಉತ್ತರತೀರದಲ್ಲಿ ಅವನ ಗುಡಾರ. ಸಂಗಮದ ಪಶ್ಚಿಮಕ್ಕೆ ವಲಭಿಯ ಧ್ರುವಭಟನದು. ಯಮುನೆಯ ದಕ್ಷಿಣಕ್ಕೆ ಹೂದೋಪಿನ ಬಳಿ ಕಾಮರೂಪದ ಭಾಸ್ಕರವರ್ಮನದು. ಮಳಲಿನ ಬಯಲಿನಲ್ಲಿ ಬಿದಿರುಬೇಲಿಯೊಳಗೆ ಹುಲ್ಲುಮನೆಗಳೆದ್ದುವು. 75 ದಿನಗಳ ಆ ಸಮಾರಂಭದ ದಾನದಿಂದ ಐದು ವರ್ಷಗಳ ಸಂಚಯವೆಲ್ಲವೂ ಬರಿದಾಗಲು, ಅರಸನು ತಂಗಿ ರಾಜ್ಯಶ್ರೀಯಿಂದ ಹಳೆಯ ವಸ್ತ್ರವೊಂದನ್ನು ಬೇಡಿ ಉಟ್ಟನೆಂದು, ಅಲ್ಲಿದ್ದ ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನ ಚರಿತ್ರೆಯು ಹೇಳುತ್ತದೆ. ಆನೆ, ಕುದುರೆ, ಆಯುಧಗಳನ್ನು ಮಾತ್ರ ಅವನು ಕೊಡಲಿಲ್ಲ. ರಾಜ್ಯರಕ್ಷಣೆಗೆ ಅವು ಬೇಕಾಗಿದ್ದುವು.

647ರ ಸುಮಾರಿಗೆ ಹರ್ಷನು ತೀರಿಕೊಂಡನು, ರಾಜ್ಯವು ಚೆದರಿತು. ಉಳಿಸಿಕೊಂಡ ಆನೆಕುದುರೆಗಳು ಅದನ್ನು ಉಳಿಸಲಿಲ್ಲ. ಸಂಗಮದ ಮಳಲಿನ ಬೀಡಾದರೋ ಇಂದಿಗೂ ಮಾಘಮಾಸದಲ್ಲಿ ಏಳುತ್ತದೆ. ಕಲ್ಪವಾಸಿಗಳು ತಿಂಗಳೊಂದು ತಂಗಿ ತೆರಳುತ್ತಾರೆ; ಮಳೆಗಾಲದ ಪ್ರವಾಹವು ಅವರ ಗುರುತನ್ನು ಅಳಿಸಿ, ಮುಂದಿನವರಿಗೆ ನೆಲವನ್ನು ಹಸನುಮಾಡುತ್ತದೆ.