ಹೊಸ ವಿಂಡೋಸ್‌ನಲ್ಲಿ ಹಳೆ ತಂತ್ರಾಂಶ ಓಡುತ್ತಿಲ್ಲವೇ? ಮೊದಲು ಫೈಲ್ ಉಳಿಸಿಕೊಳ್ಳಿ

ಚೆನ್ನೈ: ಅಣ್ಣಾ ಸಾಲೈ ಪಕ್ಕದ ರಿಚ್ಚಿ ಸ್ಟ್ರೀಟ್‌ಗೆ ಹೋದರೆ ಹೊಸ ಕಂಪ್ಯೂಟರ್ ಕೊಳ್ಳುವುದು ಅರ್ಧ ದಿನದ ಕೆಲಸ. ಕಷ್ಟ ಶುರುವಾಗುವುದು ಅದನ್ನು ಮನೆಗೋ ಅಂಗಡಿಗೋ ತಂದು, ವರ್ಷಗಳಿಂದ ಬಳಸುತ್ತಿದ್ದ ತಂತ್ರಾಂಶವನ್ನು ಹಾಕಲು ಹೊರಟಾಗ. ಸಿ.ಡಿ. ಹಾಕಲು ಜಾಗವೇ ಇರುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ತಂದರೆ 'ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ' ಎಂಬ ಸಂದೇಶ ಬರುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡ ಮೇಲೆ ವಿಂಡೋಸ್ 11ಕ್ಕೆ ಬದಲಾಗುವುದು ಹಲವರಿಗೆ ಅನಿವಾರ್ಯವಾಗಿದೆ. ಆದರೆ ಡಿಟಿಪಿ ಕೇಂದ್ರ, ಮುದ್ರಣಾಲಯ, ಸಣ್ಣ ಅಂಗಡಿಗಳ ಲೆಕ್ಕಪತ್ರ, ಸಂಘಸಂಸ್ಥೆಗಳ ದಾಖಲೆ ಇನ್ನೂ ಹಳೆ ತಂತ್ರಾಂಶಗಳಲ್ಲೇ ಇವೆ. ಇವನ್ನು ಹೊಸ ಯಂತ್ರದಲ್ಲಿ ಓಡಿಸಲು ದಾರಿಗಳಿವೆ. ಆದರೆ ತಂತ್ರಾಂಶಕ್ಕಿಂತ ಮೊದಲು ಉಳಿಸಿಕೊಳ್ಳಬೇಕಾದದ್ದು ಅದರೊಳಗಿನ ಮಾಹಿತಿಯನ್ನು.

ಯಾಕೆ ಓಡುವುದಿಲ್ಲ?

ಮುಖ್ಯ ಕಾರಣ ಬಿಟ್ ಲೆಕ್ಕ. ಡಾಸ್ ಮತ್ತು ವಿಂಡೋಸ್ 3.1 ಕಾಲದ ಪ್ರೋಗ್ರಾಂಗಳು 16-ಬಿಟ್‌ನವು. ವಿಂಡೋಸ್ 95ರ ನಂತರ ಬಂದವು ಹೆಚ್ಚಾಗಿ 32-ಬಿಟ್. ವಿಂಡೋಸ್ 11 ಸಾಮಾನ್ಯ ಪಿಸಿಗಳಿಗೆ 64-ಬಿಟ್ ರೂಪದಲ್ಲಿ ಮಾತ್ರ ಸಿಗುತ್ತದೆ. ಅದು 32-ಬಿಟ್ ಪ್ರೋಗ್ರಾಂಗಳನ್ನು ಓಡಿಸುತ್ತದೆ, 16-ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದಿಲ್ಲ. ಕೆಲವೊಮ್ಮೆ ತಂತ್ರಾಂಶ 32-ಬಿಟ್ ಆಗಿದ್ದರೂ ಅದರ ಇನ್‌ಸ್ಟಾಲರ್ 16-ಬಿಟ್ ಆಗಿರುತ್ತದೆ. ಹಾಗಾಗಿ ಹೊಸ್ತಿಲಲ್ಲೇ ಎಡವುತ್ತದೆ.

ಎರಡನೆಯದು ಅನುಮತಿ. ಹಳೆಯ ತಂತ್ರಾಂಶಗಳು ತಮ್ಮ ಫೈಲ್‌ಗಳನ್ನು ನೇರವಾಗಿ 'ಪ್ರೋಗ್ರಾಂ ಫೈಲ್ಸ್' ಫೋಲ್ಡರ್‌ನಲ್ಲೇ ಬರೆಯುತ್ತಿದ್ದವು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದ ಇದಕ್ಕೆ ಕಡಿವಾಣ ಬಿತ್ತು.

ಮೂರನೆಯದು ಯಂತ್ರಾಂಶ. ಅಂಗಡಿಗಳಲ್ಲಿ ಇಂದಿಗೂ ಕಾಣುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳನ್ನೇ ತೆಗೆದುಕೊಳ್ಳಿ. ಚೆನ್ನೈ ಮೂಲದ ಟಿವಿಎಸ್ ಎಲೆಕ್ಟ್ರಾನಿಕ್ಸ್‌ನ ಎಂಎಸ್‌ಪಿ ಸರಣಿಯ ಪ್ರಿಂಟರ್‌ಗಳು ವರ್ಷಗಟ್ಟಲೆ ಬಾಳುತ್ತವೆ. ಆದರೆ ಅವುಗಳ ಹಳೆ ಮಾದರಿಗೆ ಬೇಕಾದ ಪ್ಯಾರಲಲ್ ಪೋರ್ಟ್ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ. ಅದೇ ಪೋರ್ಟ್‌ಗೆ ಸಿಕ್ಕಿಸುತ್ತಿದ್ದ ಡಾಂಗಲ್‌ಗಳ ಗತಿಯೂ ಇಷ್ಟೇ.

ಮಾಡಬಹುದಾದ ಪ್ರಯತ್ನಗಳು

1. ಕಂಪ್ಯಾಟಿಬಿಲಿಟಿ ಮೋಡ್: ತಂತ್ರಾಂಶದ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಪ್ರಾಪರ್ಟೀಸ್'ನಲ್ಲಿ 'ಕಂಪ್ಯಾಟಿಬಿಲಿಟಿ' ಟ್ಯಾಬ್ ತೆರೆಯಿರಿ. ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ಆಯ್ಕೆ ಮಾಡಿ. ಕೆಳಗಿರುವ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಗುರುತು ಹಾಕಿ. 32-ಬಿಟ್ ತಂತ್ರಾಂಶಗಳಲ್ಲಿ ಹಲವು ಇಷ್ಟಕ್ಕೇ ಸರಿಹೋಗುತ್ತವೆ.

2. ಬೇರೆ ಫೋಲ್ಡರ್: ಇನ್‌ಸ್ಟಾಲ್ ಮಾಡುವಾಗ 'ಪ್ರೋಗ್ರಾಂ ಫೈಲ್ಸ್' ಬದಲು ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಕೊಟ್ಟರೆ ಅನುಮತಿಯ ತಕರಾರು ತಪ್ಪುತ್ತದೆ.

3. ಡಾಸ್ ಪ್ರೋಗ್ರಾಂಗಳಿಗೆ: ಡಾಸ್‌ಬಾಕ್ಸ್ ಉಚಿತವಾಗಿ ಸಿಗುತ್ತದೆ. ಅದು ಮುಖ್ಯವಾಗಿ ಆಟಗಳಿಗೆಂದು ರೂಪಿಸಿದ್ದು. ಪ್ರಿಂಟ್ ತೆಗೆಯಬೇಕಾದ ಫಾಕ್ಸ್‌ಪ್ರೊದಂಥ ಲೆಕ್ಕದ ಕೆಲಸಕ್ಕೆ ಡಾಸ್‌ಬಾಕ್ಸ್-ಎಕ್ಸ್ ಹೆಚ್ಚು ಸೂಕ್ತ.

4. ವರ್ಚುವಲ್ ಮಷೀನ್: ಮೇಲಿನ ಯಾವುದೂ ಫಲಿಸದಿದ್ದರೆ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಹಳೆಯ ವಿಂಡೋಸ್ ಅನ್ನೇ ಸ್ಥಾಪಿಸಬಹುದು. ಹೊಸ ಕಂಪ್ಯೂಟರ್‌ನ ಹೊಟ್ಟೆಯೊಳಗೆ ಹಳೆ ಕಂಪ್ಯೂಟರ್ ಇಟ್ಟಂತೆ. ಇದಕ್ಕೆ ಹಳೆ ವಿಂಡೋಸ್‌ನ ಅಸಲಿ ಸಿ.ಡಿ. ಮತ್ತು ಕೀ ಬೇಕು. ಯುಎಸ್‌ಬಿ ಡಾಂಗಲ್‌ಗಳನ್ನು ಇದಕ್ಕೆ ಜೋಡಿಸಬಹುದು. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಿಂದ ಬೆಂಬಲ ಇಲ್ಲದ್ದರಿಂದ ಅದಕ್ಕೆ ಇಂಟರ್ನೆಟ್ ಸಂಪರ್ಕ ಕೊಡಬೇಡಿ.

ಕನ್ನಡದ ಕಡತಗಳ ಕಥೆಯೇ ಬೇರೆ

ಕನ್ನಡಿಗರ ಪಾಲಿಗೆ ಇದು ತಂತ್ರಾಂಶಕ್ಕಷ್ಟೇ ಸಂಬಂಧಿಸಿದ ಸಮಸ್ಯೆಯಲ್ಲ. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ಇವುಗಳ ಹಳೆ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರರೂಪಗಳನ್ನು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕೂರಿಸಲಾಗಿತ್ತು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು.

ಹೀಗೆ ಕಂಡ ತಕ್ಷಣ ಫೈಲ್ ಕೆಟ್ಟಿದೆ ಎಂದು ಅಳಿಸಿಬಿಡುವವರಿದ್ದಾರೆ. ಫೈಲ್ ಕೆಟ್ಟಿರುವುದಿಲ್ಲ. ಹಳೆ ಕಂಪ್ಯೂಟರ್‌ನ 'ಫಾಂಟ್ಸ್' ಫೋಲ್ಡರ್‌ನಿಂದ ಆ ಫಾಂಟ್ ತಂದು ಹೊಸದರಲ್ಲಿ ಹಾಕಿದರೆ ಬರಹ ಮತ್ತೆ ಕನ್ನಡದಲ್ಲಿ ಕಾಣಿಸಿಕೊಳ್ಳುತ್ತದೆ.

ಇದು ತಾತ್ಕಾಲಿಕ ಪರಿಹಾರ. ಶಾಶ್ವತ ಪರಿಹಾರ ಯೂನಿಕೋಡ್. ನುಡಿ ಮತ್ತು ಬರಹಗಳಲ್ಲಿ ಹಳೆ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಸೌಲಭ್ಯವಿದೆ. ಒಂದು ಕಂಪನಿಯ ಫಾಂಟ್‌ನ ಅಕ್ಷರ ಜೋಡಣೆ ಇನ್ನೊಂದರಂತೆ ಇರಬೇಕೆಂದಿಲ್ಲ. ಆದ್ದರಿಂದ ಮೊದಲು ಫೈಲ್‌ನಲ್ಲಿ ಬಳಸಿದ ಫಾಂಟ್‌ನ ಹೆಸರು ಗುರುತಿಸಿ, ಅದಕ್ಕೆ ಹೊಂದುವ ಪರಿವರ್ತಕ ಆರಿಸಿ. ಪರಿವರ್ತನೆಯ ನಂತರ ಒತ್ತಕ್ಷರ, ಅರ್ಕಾವತ್ತು, ನಡುವೆ ಬರುವ ಇಂಗ್ಲಿಷ್ ಪದಗಳನ್ನು ಕಣ್ಣಾರೆ ಓದಿ ತಿದ್ದಲೇಬೇಕು.

ಚೆನ್ನೈನ ತಮಿಳು ಮುದ್ರಕರೂ ಇದೇ ಹಾದಿಯಲ್ಲಿ ಬಂದವರು. ತಮಿಳಿನ ಕೀಬೋರ್ಡ್ ಮತ್ತು ಫಾಂಟ್‌ಗಳ ಗೊಂದಲ ಬಗೆಹರಿಸಲು 1999ರಲ್ಲಿ ಈ ನಗರದಲ್ಲೇ 'ತಮಿಳ್‌ನೆಟ್ 99' ಸಮ್ಮೇಳನ ನಡೆದಿತ್ತು.

ಪೇಜ್‌ಮೇಕರ್, ಟ್ಯಾಲಿ ಇದ್ದವರಿಗೆ

ಪೇಜ್‌ಮೇಕರ್‌ನ ಕೊನೆಯ ಪ್ರಮುಖ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಹಳೆ ಫಾಂಟ್‌ಗಳು ಡಿಟಿಪಿ ಕೇಂದ್ರಗಳಲ್ಲಿ ಉಳಿದುಕೊಳ್ಳಲು ಇದೂ ಒಂದು ಕಾರಣ. ಅಡೋಬಿ ಇನ್‌ಡಿಸೈನ್ ಸಿಎಸ್6ರವರೆಗಿನ ಆವೃತ್ತಿಗಳು ಪೇಜ್‌ಮೇಕರ್ ಫೈಲ್‌ಗಳನ್ನು ತೆರೆಯುತ್ತಿದ್ದವು, ನಂತರದವು ತೆರೆಯುವುದಿಲ್ಲ. ಹಾಗಾಗಿ ಮುಖ್ಯ ಪುಸ್ತಕಗಳ ಪಿಡಿಎಫ್ ಅನ್ನು ಈಗಲೇ ತೆಗೆದಿಡಿ. ಅದರ ಜೊತೆ ಮೂಲ ಫೈಲ್ ಮತ್ತು ಫಾಂಟ್ ಕೂಡ ಇರಲಿ.

ಟ್ಯಾಲಿ 7.2ರ ಲೆಕ್ಕವನ್ನು ಒಂದೇ ನೆಗೆತಕ್ಕೆ ಇಂದಿನ ಟ್ಯಾಲಿಪ್ರೈಮ್‌ಗೆ ತರಲು ಹೋಗಬೇಡಿ. ಮೊದಲು ಟ್ಯಾಲಿ ಇಆರ್‌ಪಿ 9ಕ್ಕೆ, ಅಲ್ಲಿಂದ ಮುಂದಕ್ಕೆ ತನ್ನಿ. ಪ್ರತಿ ಹಂತದಲ್ಲೂ ಬ್ಯಾಕಪ್ ಇರಲಿ.

ಹಳೆ ಯಂತ್ರವನ್ನು ಈಗಲೇ ಮಾರಬೇಡಿ

ಹೊಸದು ಬಂತೆಂದು ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಿ. ಬೇರೆ ಬೇರೆ ವರ್ಷಗಳ ಹತ್ತು ಫೈಲ್‌ಗಳನ್ನು ಹೊಸ ಕಂಪ್ಯೂಟರ್‌ನಲ್ಲಿ ತೆರೆದು, ಓದಿ, ಪ್ರಿಂಟ್ ತೆಗೆಯಿರಿ. ಹತ್ತೂ ಸರಿಯಿದ್ದರೆ ಮಾತ್ರ ಹಳೆಯದಕ್ಕೆ ವಿದಾಯ ಹೇಳಿ.

ಹಾಗೆಂದು ಅದನ್ನೇ ನಂಬಿ ಕೂರುವುದೂ ಅಪಾಯ. 2015ರ ಡಿಸೆಂಬರ್‌ನಲ್ಲಿ ಚೆನ್ನೈನ ಮನೆ, ಅಂಗಡಿಗಳ ನೆಲಮಹಡಿಗೆ ನುಗ್ಗಿದ ನೀರು ಯಾವ ಕಂಪ್ಯೂಟರ್ ಹಳೆಯದು, ಯಾವುದು ಹೊಸದು ಎಂದು ನೋಡಲಿಲ್ಲ. ಫೈಲ್‌ಗಳ ಒಂದು ಪ್ರತಿ ಬೇರೆ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಊರಿನಲ್ಲೋ ಕ್ಲೌಡ್‌ನಲ್ಲೋ ಇರಲಿ. ತಂತ್ರಾಂಶ ಹೋದರೆ ಇನ್ನೊಂದು ತರಬಹುದು. ಇಪ್ಪತ್ತು ವರ್ಷ ಕೂತು ಟೈಪ್ ಮಾಡಿದ್ದನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.