ಪ್ರತಿನಿಧಿಗಳ ಮತದ ಲೆಕ್ಕ



ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ಯಾತ್ರಿಕರು ದಾರಿಯಲ್ಲಿ ಯರಗೇರಾ ಎಂಬ ಊರನ್ನು ಹಾದು ಹೋಗುವರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಣ ಈ ಪ್ರಾಂತಕ್ಕಾಗಿ ವಿಜಯನಗರದ ಅರಸರೂ ಬಹಮನಿ ಮತ್ತು ಬಿಜಾಪುರದ ಸುಲ್ತಾನರೂ ಎಷ್ಟು ಸಾರಿ ಕಾದಾಡಿದರೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. 1520ರ ರಾಯಚೂರು ಯುದ್ಧವನ್ನು ಕುರಿತು ನೂನಿಜ್ ಎಂಬ ಪೋರ್ಚುಗೀಸನು ಬರೆದಿಟ್ಟ ವೃತ್ತಾಂತವನ್ನು ತೆರೆದು ನೋಡಿದರೆ, ಕೃಷ್ಣದೇವರಾಯನ ಕಡೆಯ ಯಾವ ನಾಯಕನು ಎಷ್ಟು ಕಾಲಾಳುಗಳನ್ನೂ ಎಷ್ಟು ಕುದುರೆಗಳನ್ನೂ ತಂದಿದ್ದನೆಂಬ ಪಟ್ಟಿಯು ಸಹ ದೊರೆಯುವುದು. ಆ ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆ ಇರಬಹುದು, ಪಟ್ಟಿಯಂತೂ ಉಂಟು.

ಆ ಯುದ್ಧವಾದ ನಾನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ಇದೇ ಪ್ರಾಂತವು ಯಾವ ರಾಜ್ಯದಲ್ಲಿರಬೇಕೆಂಬ ಪ್ರಶ್ನೆಯು ಮತ್ತೊಮ್ಮೆ ಎದ್ದಿತು. ಈ ಸಾರಿ ಕತ್ತಿಯಿಂದಲ್ಲ, ಮಾತಿನಿಂದ ಅದು ತೀರ್ಮಾನವಾಗಬೇಕಾಗಿತ್ತು. ಜನರು ಆರಿಸಿದ ಸದಸ್ಯರು ಸಭೆಯಲ್ಲಿ ಕುಳಿತಿದ್ದರು. ಆದರೂ ಆ ಸಭೆಯಲ್ಲಿ ಯಾರು ಯಾವ ಪಕ್ಷಕ್ಕೆ ಮತವಿತ್ತರೆಂಬ ಪಟ್ಟಿಯು ನಮಗೆ ದೊರೆಯದು. ಅದು ಕಳೆದು ಹೋಯಿತೆಂದಲ್ಲ; ಅಂಥ ಪಟ್ಟಿಯು ಹುಟ್ಟಲೇ ಇಲ್ಲ. ಇದು ಹೇಗಾಯಿತೆಂಬುದನ್ನೂ, ನಾವು ಆರಿಸಿ ಕಳುಹಿಸಿದವರ ಕೆಲಸವನ್ನು ಅಳೆಯುವುದು ಏಕೆ ಕಷ್ಟವೆಂಬುದನ್ನೂ ಈ ದಿನ ವಿಚಾರ ಮಾಡುವೆವು.

ಮೊದಲು ಹಿಂದಿನ ಸಂಗತಿಗಳನ್ನು ಸ್ವಲ್ಪ ಹೇಳಬೇಕು. ಪ್ರಜಾಪ್ರತಿನಿಧಿಗಳ ಮಾತನ್ನು ಅಚ್ಚುಹಾಕಿಸಿ ಇಡುವ ಪದ್ಧತಿಯು ನಮ್ಮ ಮೈಸೂರು ಸಂಸ್ಥಾನಕ್ಕೆ ಹೊಸದಲ್ಲ. ದಿವಾನ್ ರಂಗಾಚಾರ್ಲುರವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿ ಕೂಡಿದಾಗ 144 ಮಂದಿ ಪ್ರತಿನಿಧಿಗಳಿದ್ದರು. ಅವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಅಹವಾಲುಗಳನ್ನು ಹೇಳಿಕೊಳ್ಳುವುದು, ಸರ್ಕಾರದ ಉತ್ತರವನ್ನು ಕೇಳಿಕೊಳ್ಳುವುದು, ಇಷ್ಟೇ. ನ್ಯಾಯವಿಧಾಯಕ ಸಭೆಯು 1907ರಲ್ಲಿ ಬಂದಿತು. 1923ರ ಸುಧಾರಣೆಗಳಿಂದ ಆಯವ್ಯಯದ ಬೇಡಿಕೆಗಳ ಮೇಲೆ ಮತವೀಯುವ ಹಕ್ಕು ಆ ಸಭೆಗೆ ಲಭಿಸಿತು. ಯರಗೇರಾದ ರೈತನ ಸ್ಥಿತಿ ಹೀಗಿರಲಿಲ್ಲ. ಅವನು ನಿಜಾಮರ ಪ್ರಜೆ. ಹೈದರಾಬಾದಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಒಂದು ಶಾಸನಸಭೆಯಿತ್ತು. ಆದರೆ ಅದರಲ್ಲಿದ್ದವರು ಹೆಚ್ಚಾಗಿ ಅಧಿಕಾರಿಗಳು ಮತ್ತು ಸರ್ಕಾರವು ನೇಮಿಸಿದವರು. ಹೊಲ ಉಳುವವನಿಗೆ ಅಲ್ಲಿ ಮತವೇ ಇರಲಿಲ್ಲವಾದುದರಿಂದ, ತನ್ನ ಪ್ರತಿನಿಧಿಯು ಏನು ಮಾಡಿದನೆಂದು ಕೇಳುವ ಪ್ರಸಂಗವೂ ಅವನಿಗೆ ಬರಲಿಲ್ಲ.

ಆ ಪ್ರಸಂಗವು ಬಂದದ್ದು 1952ರಲ್ಲಿ. ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಬಂದು, ಹೈದರಾಬಾದ್ ರಾಜ್ಯದ ವಿಧಾನಸಭೆಗೆ ಮೊದಲ ಚುನಾವಣೆ ನಡೆದು, ರಾಯಚೂರು, ಮಾನ್ವಿ, ದೇವದುರ್ಗಗಳ ಕಡೆಯ ಸದಸ್ಯರೂ ಆ ಸಭೆಯಲ್ಲಿ ಕುಳಿತರು. ತೆಲುಗು, ಉರ್ದು, ಮರಾಠಿ, ಕನ್ನಡ ಇವಿಷ್ಟು ಭಾಷೆಗಳ ಜನರು ಕೂಡಿದ ಸಭೆ ಅದು. ಬುರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳು, ಡಾಕ್ಟರ್ ಜಿ. ಎಸ್. ಮೇಲ್ಕೋಟೆಯವರು ಅರ್ಥಸಚಿವರು.

ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರ್ 30ರಂದು ತನ್ನ ವರದಿಯನ್ನು ಒಪ್ಪಿಸಿತು. ಹೈದರಾಬಾದ್ ರಾಜ್ಯವನ್ನು ಒಡೆಯಬೇಕು. ರಾಯಚೂರು, ಗುಲ್ಬರ್ಗಾ ಕಡೆಯ ಕನ್ನಡ ಸೀಮೆಯು ಕರ್ನಾಟಕಕ್ಕೆ ಹೋಗಬೇಕು. ತೆಲಂಗಾಣವು ಸದ್ಯಕ್ಕೆ ಪ್ರತ್ಯೇಕವಾಗಿ ಉಳಿದು, ಮುಂದೆ ಅಲ್ಲಿಯ ಶಾಸನಸಭೆಯ ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಿದರೆ ಆಂಧ್ರದೊಡನೆ ಕೂಡಬಹುದು ಎಂಬುದು ಅದರ ಸಲಹೆ. ಬೀದರನ್ನು ಹೈದರಾಬಾದಿನಲ್ಲಿಯೇ ಉಳಿಸಬೇಕೆಂದೂ ಆಯೋಗವು ಹೇಳಿತ್ತು.

ಆ ವರ್ಷದ ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ದಿನಗಳವರೆಗೆ ಹೈದರಾಬಾದ್ ವಿಧಾನಸಭೆಯು ಈ ವರದಿಯನ್ನು ಚರ್ಚಿಸಿತು. ಒಬ್ಬರಾದ ಮೇಲೊಬ್ಬರು ಎದ್ದು ಮಾತಾಡಿದರು. ಕೊನೆಗೆ ಮತಕ್ಕೆ ಹಾಕಲಿಲ್ಲ. ಹಾಕದೆ ಹೋದರೂ ಲೆಕ್ಕವೊಂದು ಹೊರಬಿದ್ದಿತು: 174 ಸದಸ್ಯರಲ್ಲಿ 147 ಮಂದಿ ಅಭಿಪ್ರಾಯ ಹೇಳಿದರೆಂದೂ, ಅವರಲ್ಲಿ 103 ಮಂದಿ ವಿಶಾಲಾಂಧ್ರದ ಕಡೆ, 29 ಮಂದಿ ಪ್ರತ್ಯೇಕ ತೆಲಂಗಾಣದ ಕಡೆ, ಉಳಿದವರು ತಟಸ್ಥರೆಂದೂ ಸಾರಲಾಯಿತು. ಈ ಸಂಖ್ಯೆಗಳು ಅಂದಿನಿಂದ ಇಂದಿನವರೆಗೆ ಎಷ್ಟೋ ವಾದವಿವಾದಗಳಲ್ಲಿ ಸಾಕ್ಷಿಯಾಗಿ ನಿಂತಿವೆ. ಕೇಳುವವರಿಗೆ ಅವು ಮತದ ಸಂಖ್ಯೆಗಳಂತೆಯೇ ಕೇಳಿಸುವುವು. ಅವಾದರೋ ಭಾಷಣಗಳ ಎಣಿಕೆ! ಯಾರದೋ ಮಾತನ್ನು ಮತ್ತಾರೋ ಕೇಳಿ, ಇದು ಪರ, ಇದು ವಿರೋಧ, ಇದು ಎರಡೂ ಅಲ್ಲ ಎಂದು ಗೆರೆ ಎಳೆದು ಮಾಡಿದ ಲೆಕ್ಕ. ಸಭೆಗಳಲ್ಲಿ ಮಾತು ಕೇಳಿದ ಅನುಭವವಿರುವವರು ಬಲ್ಲರು: ಅರ್ಧ ಗಂಟೆ ಮಾತಾಡಿಯೂ ಯಾವ ದಡದಲ್ಲಿ ನಿಂತಿದ್ದಾರೆಂಬುದನ್ನು ತೋರಗೊಡದ ಜಾಣರು ಎಲ್ಲ ಕಾಲದಲ್ಲಿಯೂ ಇರುವರು. ಅವರನ್ನು ಯಾವ ಕಲಮಿನಲ್ಲಿ ಬರೆಯುವುದು?

ಇದರಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಎಣಿಕೆಯೆಲ್ಲವೂ ತೆಲುಗು ಸೀಮೆಯ ಪ್ರಶ್ನೆಯನ್ನು ಕುರಿತದ್ದು. ಹೊರಟು ಹೋಗಲಿರುವ ಕನ್ನಡ ಮತ್ತು ಮರಾಠಿ ಜಿಲ್ಲೆಗಳ ಸದಸ್ಯರ ಮಾತೂ ಆ ಒಟ್ಟು ಮೊತ್ತದಲ್ಲಿ ಸೇರಿತು. ರಾಯಚೂರಿನ ಕಡೆಯವರು ತಮ್ಮ ಸೀಮೆಗಾಗಿ ಏನು ಹೇಳಿದರೆಂಬುದು ಆ ಮೂರು ಸಂಖ್ಯೆಗಳಲ್ಲಿ ಕಾಣುವುದಿಲ್ಲ. ಅದನ್ನು ತಿಳಿಯಬೇಕಾದರೆ ಭಾಷಣಗಳನ್ನು ಒಂದೊಂದಾಗಿ ಓದಬೇಕು.

ಓದಿ ತಿಳಿಯುವುದಕ್ಕೆ ಕಾರಣವೂ ಇತ್ತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಆದರೆ ಅದರ ಆಲಂಪುರ ಮತ್ತು ಗದ್ವಾಲ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದುವು. ನೆಂಟಸ್ತನ, ಸಂತೆ, ದೇವರ ಜಾತ್ರೆ ಎಲ್ಲವೂ ಒಂದಾಗಿದ್ದ ನೆರೆಯ ಸೀಮೆಗಳ ನಡುವೆ ಗಡಿ ಬಿದ್ದಿತು. ಗಡಿಯಂಚಿನ ಊರುಗಳವರು ನಮ್ಮ ಪ್ರತಿನಿಧಿಯು ಆಗ ಏನೆಂದರು ಎಂದು ಕೇಳುವುದು ಸಹಜವೇ ಸರಿ.

ರಾಜ್ಯಗಳ ಎಲ್ಲೆಯನ್ನು ಬದಲಾಯಿಸುವ ಅಧಿಕಾರವನ್ನು ಸಂವಿಧಾನದ ಮೂರನೆಯ ಅನುಚ್ಛೇದವು ಪಾರ್ಲಿಮೆಂಟಿಗೆ ಕೊಟ್ಟಿದೆ. ರಾಜ್ಯದ ಶಾಸನಸಭೆಯಿಂದ ಕೇಳುವುದು ಅಭಿಪ್ರಾಯವನ್ನು ಮಾತ್ರ. ಅಲ್ಲದೆ ಪಾರ್ಲಿಮೆಂಟಿನಲ್ಲಿಯೂ ಅದಕ್ಕೆ ಸಾಧಾರಣ ಬಹುಮತವು ಸಾಕು. ಪುನರ್ವಿಂಗಡಣೆಯ ಜೊತೆಯಲ್ಲಿಯೇ ಬಂದ ಸಂವಿಧಾನದ ಏಳನೆಯ ತಿದ್ದುಪಡಿಗಾದರೋ ವಿಶೇಷ ಬಹುಮತ ಬೇಕಾಗಿದ್ದುದರಿಂದ ತಲೆ ಎಣಿಸಿ ಮತ ಪಡೆಯಬೇಕಾಯಿತು.

ತಲೆ ಎಣಿಸುವುದೆಂದರೇನು? ನಮ್ಮ ಸಭೆಗಳಲ್ಲಿ ಒಂದು ಪ್ರಸ್ತಾವವನ್ನು ಮತಕ್ಕೆ ಹಾಕಿದಾಗ, ಒಪ್ಪುವವರು ಹೌದೆಂದೂ ಒಪ್ಪದವರು ಇಲ್ಲವೆಂದೂ ಕೂಗುವರು. ಯಾವ ಕೂಗು ಹೆಚ್ಚೆಂದು ಅಧ್ಯಕ್ಷರಿಗೆ ತೋರುವುದೋ ಅದರಂತೆ ತೀರ್ಮಾನ. ಇದೇ ಧ್ವನಿಮತ. ಯಾರಾದರೂ ಒಪ್ಪದೆ ಹಟ ಹಿಡಿದರೆ ಮಾತ್ರ ಗಂಟೆ ಬಾರಿಸಿ, ಬಾಗಿಲು ಮುಚ್ಚಿ, ಹೆಸರು ಸಹಿತ ಮತವನ್ನು ದಾಖಲು ಮಾಡುವರು. ಲೋಕಸಭೆಯಲ್ಲಿ ಇದಕ್ಕಾಗಿ ಮತ ದಾಖಲಿಸುವ ಯಂತ್ರವನ್ನು 1957ರಲ್ಲಿಯೇ ಇಟ್ಟರು. ಅದೇ ವರ್ಷ ರಾಯಚೂರು ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದವರು, ಹಿಂದೆ ಹೈದರಾಬಾದಿನ ಅರ್ಥಸಚಿವರಾಗಿದ್ದ ಮೇಲ್ಕೋಟೆಯವರೇ. ಹೀಗೆ ಯಂತ್ರವೂ ಸಿದ್ಧವಾಯಿತು, ರಾಯಚೂರಿನ ಸದಸ್ಯರೂ ಅಲ್ಲಿದ್ದರು. ಆದರೆ ಯಂತ್ರವು ಎಷ್ಟು ಸಾರಿ ಚಾಲನೆಗೆ ಬರುವುದು? ಬಹುತೇಕ ಮಸೂದೆಗಳು ಕೂಗಿನಲ್ಲಿಯೇ ಪಾಸಾಗುವುವು. ಕೂಗಿಗೆ ಹೆಸರಿಲ್ಲ.

ಇಂಗ್ಲೆಂಡಿನಲ್ಲಿಯೂ ಬಹುಕಾಲ ಹೀಗೆಯೇ ಇತ್ತು. ಸದಸ್ಯರು ಹೇಗೆ ಮತವಿತ್ತರೆಂಬುದನ್ನು ಹೊರಗಿನವರು ಅಚ್ಚು ಹಾಕುವುದನ್ನು ಹಿಂದಿನ ಪಾರ್ಲಿಮೆಂಟುಗಳು ತಮ್ಮ ಹಕ್ಕಿಗೆ ಮಾಡಿದ ಅಪಚಾರವೆಂದು ಎಣಿಸುತ್ತಿದ್ದುವು. ಕಾಮನ್ಸ್ ಸಭೆಯು ಮತಪಟ್ಟಿಗಳನ್ನು ತಾನೇ ಪ್ರಕಟಿಸಲು ತೊಡಗಿದ್ದು 1836ರಲ್ಲಿ. ಅಮೆರಿಕದ ಸಂವಿಧಾನವಾದರೋ ಹಾಜರಿರುವವರಲ್ಲಿ ಐದರಲ್ಲೊಂದು ಪಾಲಿನವರು ಕೇಳಿದರೆ ಹೆಸರು ಹಿಡಿದು ಮತವನ್ನು ಬರೆಯಬೇಕೆಂದು ಮೊದಲೇ ವಿಧಿಸಿತು.

ನಮ್ಮಲ್ಲಿ ಹೆಸರು ಬರೆದರೂ ಅದರಿಂದ ತಿಳಿಯುವುದು 1985ರಿಂದೀಚೆಗೆ ಕಡಮೆಯಾಗಿದೆ. ಆ ವರ್ಷ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯನ್ನು ಸೇರಿಸಿ ಪಕ್ಷಾಂತರವನ್ನು ನಿಷೇಧಿಸಿದರು. ಪಕ್ಷದ ವಿಪ್‌ ಮೀರಿ ಮತ ಹಾಕಿದವರು, ಮತ ಹಾಕದೆ ಉಳಿದವರು ಸಹ, ಪಕ್ಷವು ಹದಿನೈದು ದಿನಗಳಲ್ಲಿ ಮನ್ನಿಸದೆ ಹೋದರೆ ಸದಸ್ಯತ್ವವನ್ನು ಕಳೆದುಕೊಳ್ಳುವ ಸ್ಥಿತಿ ಬಂದಿತು. ಹಣಕ್ಕೂ ಪದವಿಗೂ ಪಕ್ಷ ಬಿಡುವುದನ್ನು ತಡೆಯಬೇಕೆಂಬ ಉದ್ದೇಶವು ಒಳ್ಳೆಯದೇ. ಆದರೆ ಅದರ ಫಲವಾಗಿ ಸದಸ್ಯರ ಮತಪಟ್ಟಿಯನ್ನು ಓದುವುದೆಂದರೆ ಪಕ್ಷದ ಆಜ್ಞೆಯನ್ನು ಓದಿದಂತಾಯಿತು. 1952ರಲ್ಲಿ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಹೋದ ಅಳವಂಡಿ ಶಿವಮೂರ್ತಿ ಸ್ವಾಮಿಯವರಂಥವರ ಮತದಲ್ಲಿ ಅವರ ಮನಸ್ಸನ್ನು ಕಾಣಬಹುದಾಗಿತ್ತು. ಈಗ ಅಂಥ ಮತ ಅಪರೂಪ.

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. 2018ರಲ್ಲಿ ಪ್ರತಾಪಗೌಡ ಪಾಟೀಲರು ಕೇವಲ 213 ಮತಗಳ ಅಂತರದಿಂದ ಆ ಕ್ಷೇತ್ರವನ್ನು ಗೆದ್ದರು. ಮರುವರ್ಷ ರಾಜೀನಾಮೆಯಿತ್ತ ಶಾಸಕರಲ್ಲಿ ಅವರೂ ಒಬ್ಬರು. 2019ರ ಜುಲೈ 23ರಂದು ಕುಮಾರಸ್ವಾಮಿಯವರ ಮಂತ್ರಿಮಂಡಲದ ವಿಶ್ವಾಸ ಪ್ರಸ್ತಾವಕ್ಕೆ 99 ಮತಗಳು ಪರವಾಗಿ, 105 ವಿರೋಧವಾಗಿ ಬಿದ್ದು ಸರ್ಕಾರವು ಉರುಳಿತು. ರಾಜೀನಾಮೆಯಿತ್ತವರು ಅಂದು ಸಭೆಗೆ ಬರಲಿಲ್ಲ. ಸರ್ಕಾರವೊಂದರ ಅಳಿವು ಉಳಿವು ನಿರ್ಧಾರವಾದದ್ದು ಹಾಕಿದ ಮತದಿಂದ ಎಷ್ಟೋ, ಹಾಕದ ಮತದಿಂದಲೂ ಅಷ್ಟೇ. ಸಭಾಧ್ಯಕ್ಷರು ಒಟ್ಟು 17 ಮಂದಿಯನ್ನು ಅನರ್ಹಗೊಳಿಸಿದರು. ಆ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಚುನಾವಣೆಗೆ ನಿಲ್ಲುವುದಕ್ಕೆ ಅಡ್ಡಿಯಿಲ್ಲವೆಂದಿತು. ಮಸ್ಕಿಯ ಮತದಾರರು ಕಾಯಬೇಕಾಯಿತು. 2021ರ ಏಪ್ರಿಲಿನ ಉಪಚುನಾವಣೆಯಲ್ಲಿ ಅವರು ಪಾಟೀಲರನ್ನು ಸೋಲಿಸಿ ಬಸನಗೌಡ ತುರ್ವಿಹಾಳರನ್ನು ಗೆಲ್ಲಿಸಿದರು. ಅಂತರವು ಈ ಸಾರಿ ಮೂವತ್ತು ಸಾವಿರವನ್ನು ಮೀರಿತ್ತು. ಸದಸ್ಯರ ಗೈರುಹಾಜರಿಯನ್ನು ಮತದಾರರು ಇಷ್ಟು ಸ್ಪಷ್ಟವಾಗಿ ಓದಿದ ಉದಾಹರಣೆಗಳು ನಮ್ಮಲ್ಲಿ ಹೆಚ್ಚಿಲ್ಲ.

ಮತದಿಂದ ತಿಳಿಯದುದು ಪ್ರಶ್ನೆಯಿಂದ ತಿಳಿಯಬಹುದು. ವಿಪ್‌ ಮತಕ್ಕೆ ಉಂಟು, ಪ್ರಶ್ನೆಗೆ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಸಚಿವರು ಬಾಯಿಮಾತಿನಲ್ಲಿ ಉತ್ತರ ಹೇಳಬೇಕು. 230ರವರೆಗೆ ಚುಕ್ಕೆ ರಹಿತ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಬರುವುದು. ಯಾರ ಪ್ರಶ್ನೆ ಮೇಲೆ ಬರಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದರಿಂದ ಅದೃಷ್ಟದ ಪಾಲೂ ಇದೆ. ಈಚಿನ ವರ್ಷಗಳಲ್ಲಿ ಹಾಜರಿ ಎಷ್ಟು, ಪ್ರಶ್ನೆ ಎಷ್ಟು, ಚರ್ಚೆ ಎಷ್ಟು ಎಂದು ಪಟ್ಟಿ ಮಾಡಿ ಸದಸ್ಯರಿಗೆ ಪರೀಕ್ಷೆಯ ಅಂಕ ಕೊಟ್ಟಂತೆ ಪ್ರಕಟಿಸುವ ಪದ್ಧತಿ ಬಂದಿದೆ. ಈ ಪಟ್ಟಿಗಳನ್ನು ಕಂಡಾಗ ನಮಗೆ ಸಂತೋಷವೂ ಆಗುವುದು, ಸ್ವಲ್ಪ ನಗುವೂ ಬರುವುದು. ಸಚಿವರಾದವರು ಪ್ರಶ್ನೆ ಕೇಳುವುದಿಲ್ಲ, ಹಾಜರಿ ಪುಸ್ತಕಕ್ಕೆ ರುಜು ಹಾಕುವುದೂ ಇಲ್ಲ. ಅಂಕದ ಪಟ್ಟಿಯಲ್ಲಿ ಅವರೇ ಎಲ್ಲರಿಗಿಂತ ಸೋಮಾರಿಗಳಾಗಿ ಕಾಣಬಹುದು. ಬೆಳಿಗ್ಗೆ ರುಜು ಮಾಡಿ ಮಧ್ಯಾಹ್ನ ಮನೆಗೆ ಹೋದವರಿಗೆ ಪೂರ್ತಿ ಹಾಜರಿ. ನೂರು ಪ್ರಶ್ನೆ ಕೇಳಿದವರಲ್ಲಿ ಒಬ್ಬರು ದೇಶದ ನೂರು ಮೂಲೆಗಳ ಸಂಗತಿಯನ್ನು ಕೇಳಿರಬಹುದು. ಇನ್ನೊಬ್ಬರು ಹತ್ತೇ ಪ್ರಶ್ನೆಗಳಲ್ಲಿ ತುಂಗಭದ್ರಾ ಎಡದಂಡೆಯ ಕಾಲುವೆಯ ಕೊನೆಯ ಹೊಲಕ್ಕೆ ನೀರೇಕೆ ಬರಲಿಲ್ಲವೆಂದು ಬಿಡದೆ ಕೇಳಿರಬಹುದು. ಮಾನ್ವಿಯ ರೈತನಿಗೆ ಯಾರು ಬೇಕು?

ಆದಕಾರಣ ಸಂಖ್ಯೆಗಿಂತ ಹಟವನ್ನು ನೋಡಬೇಕೆಂಬುದು ನಮ್ಮ ಅಭಿಪ್ರಾಯ. ರಾಯಚೂರಿಗೆ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿಯು ಸಾವಿರ ದಿನಗಳನ್ನೂ ದಾಟಿ ನಡೆಯಿತು. ಅದರಲ್ಲಿ ಯಾವ ಸದಸ್ಯರು ಪ್ರಶ್ನೆ ಕೇಳಿದರು, ಬಂದ ಉತ್ತರವೇನು, ಆ ಉತ್ತರದ ಮೇಲೆ ಮುಂದಿನ ಅಧಿವೇಶನದಲ್ಲಿ ಮತ್ತೆ ಕೇಳಿದರೇ, ಇಲ್ಲವೇ ಎಂಬುದನ್ನು ಪ್ರಶ್ನೋತ್ತರಗಳಿಂದ ಒಬ್ಬ ಶಾಲೆಯ ಉಪಾಧ್ಯಾಯನೂ ಬರೆದಿಡಬಲ್ಲನು. 371ನೆಯ ಜೆ ಅನುಚ್ಛೇದವನ್ನು ಸೇರಿಸಿದ 98ನೆಯ ತಿದ್ದುಪಡಿಯು 2012ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾದಾಗ, ಸಂವಿಧಾನದ ತಿದ್ದುಪಡಿಯಾದುದರಿಂದ, ತಲೆ ಎಣಿಸಲೇಬೇಕಾಗಿತ್ತು. ರಾಯಚೂರು ಸೀಮೆಯ ಮಕ್ಕಳಿಗೆ ಕಾಲೇಜಿನ ಸ್ಥಾನಗಳಲ್ಲಿಯೂ ಸರ್ಕಾರಿ ಕೆಲಸಗಳಲ್ಲಿಯೂ ಪಾಲು ಕೊಟ್ಟ ಆ ತಿದ್ದುಪಡಿಯ ಮತಪಟ್ಟಿಯು 1955ರ ಪಟ್ಟಿಯಂತಲ್ಲ. ಅದು ಭಾಷಣಗಳ ಎಣಿಕೆಯಲ್ಲ.

ಯರಗೇರಾದ ಸದಸ್ಯರ ಮಾತುಗಳು 1956ರವರೆಗೆ ಹೈದರಾಬಾದ್ ರಾಜ್ಯದ ನಡವಳಿಗಳಲ್ಲಿವೆ, ಅಲ್ಲಿಂದ 1973ರವರೆಗೆ ಮೈಸೂರು ರಾಜ್ಯದವುಗಳಲ್ಲಿ, ಆಮೇಲೆ ಕರ್ನಾಟಕದವುಗಳಲ್ಲಿ. ಊರು ಒಂದೇ, ಪುಸ್ತಕದ ಬೆನ್ನಿನ ಮೇಲಿನ ಹೆಸರು ಮೂರು. ಹಿಂದೆ ಗುಲ್ಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದ ಯರಗೇರಾದಲ್ಲಿ ಈಗ ಸ್ವತಂತ್ರ ವಿಶ್ವವಿದ್ಯಾಲಯವೇ ಇದೆ. ಅಲ್ಲಿಯ ವಿದ್ಯಾರ್ಥಿಗಳಲ್ಲಿ ನಾಲ್ವರು ಕೂಡಿ ಮೊದಲು 1955ರ ಆ ಕೆಲವು ದಿನಗಳ ಚರ್ಚೆಯನ್ನು ತೆಗೆದು, ರಾಯಚೂರು, ಮಾನ್ವಿ, ದೇವದುರ್ಗಗಳ ಸದಸ್ಯರು ಯಾವ ಭಾಷೆಯಲ್ಲಿ ಏನು ಹೇಳಿದರೆಂಬುದನ್ನು ಕನ್ನಡದಲ್ಲಿ ಬರೆದಿಡಲು ಒಂದು ಬೇಸಗೆಯ ರಜೆ ಸಾಕಾಗುವುದು.